ಅಗಾತಾ ಕೂಪದ ಹಗ್ಗ

ಕೂತುಕೋ ಲುಡ್ವಿಕ್. ಆ ಕುರ್ಚಿಯಲ್ಲ, ಅದು ನನ್ನದು.
ಸ್ಟೂಲು ಎಳೆದುಕೋ. ಕೈ ಜೇಬಿನಲ್ಲೇ ಇರಲಿ.
ಇವತ್ತು ನೀನು ಮುಟ್ಟಬೇಕಾದ್ದು ಏನೂ ಇಲ್ಲ,
ನೋಡಬೇಕಾದ್ದು ಒಂದೇ: ಕಿಟಕಿಯಾಚೆ
ಗೋಪುರದ ರಾಟೆಗೆ ಏರಿ, ಬಾಗಿ, ಇಳಿಯುವ ಈ ಹಗ್ಗ.
ಎರಡು ಹೆಬ್ಬೆರಳು ದಪ್ಪ.
ಅದರಡಿಗೆ ಏಳುನೂರ ಎಂಬತ್ತು ಮೀಟರು
ಸಿಲೇಸಿಯಾದ ಕತ್ತಲು.

ಕತ್ತಲ ತಳದಲ್ಲಿ ಪಂಜರ, ಪಂಜರದಲ್ಲಿ ಮೂವತ್ತಾರು ಜನ,
ಮಸಿ ಮೆತ್ತಿದ ರೆಪ್ಪೆ, ಖಾಲಿ ಬುತ್ತಿ, ಒಬ್ಬನಿಗೆ ಹಲ್ಲುನೋವು.
ಅವರು ಕಾಲಿಟ್ಟರೆ ಸಾಕು,
ಹಗ್ಗ ಒಂದು ಗೇಣು ಹಿಗ್ಗುತ್ತದೆ.
ಉಕ್ಕು ಜಗ್ಗದು ಅಂದುಕೊಂಡಿದ್ದೆಯಾ?
ಇಷ್ಟುದ್ದವಾದ ಮೇಲೆ ಯಾವುದೂ ಜಗ್ಗುತ್ತದೆ.

ಎರಡು ಗಂಟೆ. ಮೇಲಕ್ಕೆ.
ಈಗ ಸೂಜಿ ನೋಡು.
ನಿಂತಿದ್ದಾಗ ಪಂಜರದ ಕೊಂಡಿ ಹೊತ್ತದ್ದು ಬರೀ ತೂಕ.
ಹೊರಡು ಅಂದ ಗಳಿಗೆಗೆ ತೂಕ ಸಾಲದು,
ಕದಲಲೊಲ್ಲದ ರಾಶಿ ತನ್ನ ಕಪ್ಪ ಬೇರೆ ಕೇಳುತ್ತದೆ:
ಎಷ್ಟು ಅವಸರವೋ ಅಷ್ಟು ಕಪ್ಪ.
ಲೆಕ್ಕ ನಿನ್ನ ಪುಸ್ತಕದಲ್ಲಿದೆ. ಕೆಳಗಿನವರಿಗೆ
ಮೊಣಕಾಲಲ್ಲಿದೆ. ಬೂಟು ಭಾರ, ಗಲ್ಲ ಭಾರ,
ಆ ಹಲ್ಲುನೋವೂ ಒಂದು ತೊಲ ಭಾರ.

ಇಗೋ, ಸೂಜಿ ಹಿಂದಕ್ಕೆ ಬಂತು. ಗಾಬರಿಯಾಗಬೇಡ.
ಸೆಕೆಂಡಿಗೆ ಹತ್ತು ಮೀಟರು, ಒಂದೇ ಸಮ.
ಕೊಂಡಿಯಲ್ಲಿ ಈಗಿರುವ ಎಳೆತ
ನಿಂತಾಗ ಇದ್ದಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ.
ಕಣ್ಣು ಮುಚ್ಚಿದವನಿಗೆ ಈ ಓಟವೂ ಒಂದೇ, ನಿಲುವೂ ಒಂದೇ.
ಮದುವೆಯಾಗಿ ಮೂವತ್ತು ವರ್ಷ ಕಳೆಯಲಿ,
ನಿನಗೂ ತಿಳಿದೀತು.

ಬಾಯಿ ಹತ್ತಿರ ಬಂತು, ನಿಧಾನಿಸಬೇಕು. ಈಗ ತಿರುಗುಮುರುಗು:
ಕೊಂಡಿ ತೂಕಕ್ಕಿಂತ ಕಡಿಮೆ ಹೊರುತ್ತದೆ,
ಅವರ ಹೊಟ್ಟೆ ಕ್ಷಣಕಾಲ ಗಾಳಿಪಟ.
ಒರಟಾಗಿ ತಡೆದೆಯೋ, ಹಗ್ಗ ಸಡಿಲ.
ಹಗ್ಗಕ್ಕೆ ಎಳೆಯಲು ಗೊತ್ತು, ತಳ್ಳಲು ಬಾರದು.
ಬಿಗಿಗೆ ಹೆದರಬೇಡ.
ಸಡಿಲಾದದ್ದು ಮತ್ತೆ ಬಿಗಿಯುತ್ತದಲ್ಲ, ಆ ಏಟಿಗೆ ಹೆದರು.

ಒಂದು ಫೆಬ್ರವರಿ. ರಾತ್ರಿ ಪಾಳಿ.
ತಳದಿಂದ ಟೆಯೋಡೋರ್ ಫೋನು ಮಾಡಿದ:
ಗೆರಾರ್ಡ್ ಕೊಟ್ಸುರ್, ಮಾಡು ಕುಸಿದು ಬೆನ್ನುಮೂಳೆ.
ಹಲಗೆಗೆ ಕಟ್ಟಿದ್ದೇವೆ. ಡಾಕ್ಟರು ಹೇಳುತ್ತಿದ್ದಾರೆ,
ಅವನ ಮೈ ಈಗಿರುವುದಕ್ಕಿಂತ ಭಾರವಾಗಕೂಡದು,
ಹಗುರವೂ ಆಗಕೂಡದು.
ಆಮೇಲೆ ಮೌನ. ತಂತಿಯಲ್ಲಿ ನೀರು ತೊಟ್ಟಿಕ್ಕುವ ಸದ್ದು.

ಕೈಗವಸು ಕಳಚಿದೆ. ಸನ್ನೆಗೋಲನ್ನು
ಮೂರು ಬೆರಳಲ್ಲಿ ಹಿಡಿದೆ, ಉಪ್ಪು ಹಿಡಿಯುವ ಹಾಗೆ.
ಬೆಚ್ಚನೆಯ ಡ್ರಮ್ಮಿನ ಮೇಲೊಂದು ನೊಣ ಕೂತಿತ್ತು,
ಆ ಚಳಿಗಾಲವನ್ನು ಹೇಗೋ ಉಳಿದುಕೊಂಡದ್ದು.
ಡ್ರಮ್ಮು ತಿರುಗಿತು. ನೊಣ ಹಾರಲಿಲ್ಲ.
ಸುತ್ತು ಮುಗಿಸುವವರೆಗೂ ಹಾರಲಿಲ್ಲ.
ಅದನ್ನೇ ನೋಡುತ್ತಾ ಎತ್ತಿದೆ.
ದಿನಾ ಎರಡು ನಿಮಿಷದೊಳಗೆ ಮುಗಿಯುವ ದಾರಿ
ಅವತ್ತು ಹನ್ನೊಂದು ನಿಮಿಷ.

ಮೇಲೆ ಬಾಗಿಲು ತೆಗೆದರಂತೆ. ಹಿಮ ಬೀಳುತ್ತಿತ್ತು.
ದೀಪದ ಕೋಣೆಯ ಹೆಡ್ವಿಗ್ ಬಗ್ಗಿ ಮುಖ ನೋಡಿದಳಂತೆ.
ಗೆರಾರ್ಡ್ ಕಣ್ಣು ಬಿಡದೆಯೇ ಕೇಳಿದನಂತೆ:
‘ಯಾವಾಗ ಹೊರಡುವುದು?’

ಅವನು ನಡೆದನೇ ಅಂತ ಕೇಳಬೇಡ.
ಗಾಲಿಕುರ್ಚಿಯಲ್ಲಿ ಕೂತು ಪಾರಿವಾಳ ಸಾಕುತ್ತಾನೆ,
ಶನಿವಾರ ಬಿಯರಿಗೆ ಕರೆಯುತ್ತಾನೆ,
ಇಡೀ ಸಿಲೇಸಿಯಾದಲ್ಲಿ ನನ್ನಷ್ಟು ಸೋಮಾರಿ ಇಲ್ಲ ಅಂತ
ಎಲ್ಲರೆದುರು ಬೈಯುತ್ತಾನೆ.

ಮೂರು ಗಂಟೆ. ಕೆಳಕ್ಕೆ. ಬೆಳಗಿನ ಪಾಳಿ.
ಜೇಬಿನಿಂದ ಕೈ ತೆಗೆ. ನನ್ನ ಕೈ ಮೇಲಿಡು,
ಒತ್ತಬೇಡ, ಸುಮ್ಮನೆ ಇಡು.
ಏನಾದರೂ ಗೊತ್ತಾಯಿತಾ?
ಇಲ್ಲವಾ.
ಸರಿ, ನಾಳೆ ಸ್ಟೂಲನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೋ.